ಮಗ ಜುವೆನೈಲ್ ಹಾಲ್‌ನಲ್ಲಿದ್ದಾನೆ: ಒಬ್ಬ ತಾಯಿಯ ಪ್ರಶ್ನೆಗೆ ಉತ್ತರ

ಪ್ರಶ್ನೆ:

ನಾವು ಮೈಸೂರಿನವರು. ಕ್ಯಾಲಿಫೋರ್ನಿಯಾದ ಸನ್ನಿವೇಲ್‌ಗೆ ಬಂದು ಒಂಬತ್ತು ವರ್ಷವಾಯಿತು. ಯಜಮಾನರದ್ದು ಎಚ್-1ಬಿ ಅನ್ನುವ ಕೆಲಸದ ವೀಸಾ, ನನ್ನದೂ ಮಕ್ಕಳದ್ದೂ ಅವರ ಕುಟುಂಬಕ್ಕೆ ಸಿಗುವ ಎಚ್-4. ಗ್ರೀನ್ ಕಾರ್ಡ್‌ಗೆ ಕಾಯುತ್ತಿದ್ದೇವೆ. 16 ವರ್ಷದ ಮಗನನ್ನು ಇನ್ನಿಬ್ಬರು ಹುಡುಗರ ಜೊತೆ ರಾಬರಿ ಕೇಸಿನಲ್ಲಿ ಪೊಲೀಸರು ಹಿಡಿದಿದ್ದಾರೆ. ಎರಡು ವಾರದಿಂದ ಸ್ಯಾನ್ ಹೋಸೆಯ ಜುವೆನೈಲ್ ಹಾಲ್‌ನಲ್ಲಿದ್ದಾನೆ, ಮಕ್ಕಳನ್ನು ಇಡುವ ಬಂಧನ ಕೇಂದ್ರ. ಬೇಲ್ ಇಲ್ಲವಂತೆ, ಯಾಕೆ? ಅಲ್ಲಿ ದೊಡ್ಡ ಅಪರಾಧಿಗಳ ಜೊತೆ ಇಟ್ಟಿರುತ್ತಾರಾ? ಪ್ರೊಬೇಷನ್ ಆಫೀಸರ್ 'ರಾಂಚ್' ಅನ್ನುವ ಜಾಗಕ್ಕೆ ಆರೇಳು ತಿಂಗಳು ಕಳಿಸುವ ಮಾತಾಡಿದರು. ಅದು ಒಳ್ಳೆಯದಾ ಕೆಟ್ಟದ್ದಾ ಗೊತ್ತಾಗುತ್ತಿಲ್ಲ. ಅವನಿಗೆ ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆಯ ತೊಂದರೆ) ಮಾತ್ರೆ ನಡೆಯುತ್ತಿದೆ, ನಾವು ಸಸ್ಯಾಹಾರಿಗಳು. 'ಎಲ್ಲ ಒಪ್ಪಿಕೊಂಡುಬಿಡು, ಬಿಟ್ಟುಬಿಡ್ತಾರೆ' ಅಂತ ಅವನಿಗೆ ಫೋನಿನಲ್ಲಿ ಹೇಳಿದ್ದೇನೆ. ಹೊರಗೆ ಬಂದ ಕೂಡಲೇ ಮೈಸೂರಿಗೆ ಅಜ್ಜಿ ತಾತನ ಹತ್ತಿರ ಕಳಿಸಿಬಿಡಿ ಅಂತ ಮನೆಯವರೆಲ್ಲ ಹೇಳುತ್ತಿದ್ದಾರೆ. ವೀಸಾ ಕಥೆ ಏನಾಗುತ್ತೆ? ಇಲ್ಲಿನ ಕನ್ನಡದವರು ಯಾರಿಗೂ ಹೇಳಿಲ್ಲ.

ಉತ್ತರ:

ಮೊದಲು ಒಂದು ವಿಷಯ. ನಿಮ್ಮ ಪತ್ರದಲ್ಲಿ ಆ ದಿನ ಏನಾಯಿತು, ಯಾರ ಕೈಯಲ್ಲಿ ಏನಿತ್ತು ಅನ್ನುವ ವಿವರ ಇತ್ತು. ಅದನ್ನು ನಾನು ತೆಗೆದಿದ್ದೇನೆ. ದಯವಿಟ್ಟು ಇನ್ನು ಮುಂದೆ ಅದನ್ನು ಯಾರಿಗೂ ಬರೆಯಬೇಡಿ. ವಾಟ್ಸಾಪ್‌ನಲ್ಲಿ ಅಕ್ಕತಂಗಿಯರಿಗೂ ಬೇಡ, ನನಗೂ ಬೇಡ. ಮಗನ ವಕೀಲರಿಗೆ ಮಾತ್ರ ಹೇಳಿ.

ನಾನು ವಕೀಲೆ ಅಲ್ಲ. ಇಂಥ ಕೇಂದ್ರಗಳಲ್ಲಿ ಮಕ್ಕಳ ಜೊತೆ, ಅವರ ಅಪ್ಪ ಅಮ್ಮಂದಿರ ಜೊತೆ ಕೌನ್ಸೆಲರ್ ಆಗಿ ತುಂಬಾ ವರ್ಷ ಕೆಲಸ ಮಾಡಿದವಳು. ಆ ಅನುಭವದ ಮೇಲೆ ಹೇಳುತ್ತೇನೆ.

ನಿಮ್ಮ ಪತ್ರದಲ್ಲಿ ಹತ್ತು ಪ್ರಶ್ನೆ ಇದ್ದರೂ ಒಳಗಿರುವ ಭಯ ಒಂದೇ. ಮಗ ಜೈಲಿಗೆ ಹೋದ, ಅವನ ಬಾಳು ಮುಗಿಯಿತು, ಇದನ್ನು ಆದಷ್ಟು ಬೇಗ, ಆದಷ್ಟು ಸದ್ದಿಲ್ಲದೆ ಮುಗಿಸಿಬಿಡಬೇಕು ಅನ್ನುವ ಭಯ. ಬೇಗ ಮುಗಿಸುವ ಈ ಆತುರದಲ್ಲೇ ಅಪ್ಪ ಅಮ್ಮಂದಿರು ಮಕ್ಕಳಿಗೆ ಜಾಸ್ತಿ ತೊಂದರೆ ಮಾಡುವುದನ್ನು ನಾನು ನೋಡಿದ್ದೇನೆ. ಅದಕ್ಕೇ ಒಂದೊಂದಾಗಿ ಬಿಡಿಸೋಣ.

ಜುವೆನೈಲ್ ಹಾಲ್ ಬೇರೆ, ರಾಂಚ್ ಬೇರೆ. ಹಾಲ್ ಅಂದರೆ ಕೇಸು ಇತ್ಯರ್ಥ ಆಗುವ ತನಕ ಇಟ್ಟುಕೊಳ್ಳುವ ಜಾಗ. ಬೀಗ ಹಾಕಿದ ಕಟ್ಟಡ, ಕೋಣೆಗಳು, ಎಲ್ಲದಕ್ಕೂ ಸಮಯ. ಕೇಸು ಸಾಬೀತಾದ ಮೇಲೆ ಕೋರ್ಟ್ ಹೇಳಿದರೆ ಕಳಿಸುವ ಚಿಕಿತ್ಸೆಯ ಜಾಗ ರಾಂಚ್. ನಿಮ್ಮ ಸಾಂತಾ ಕ್ಲಾರಾ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಥರ) ಅದು ಮಾರ್ಗನ್ ಹಿಲ್‌ನಲ್ಲಿರುವ ವಿಲಿಯಂ ಎಫ್. ಜೇಮ್ಸ್ ರಾಂಚ್. ಎರಡನ್ನೂ ನಡೆಸುವುದು ಕೌಂಟಿಯ ಪ್ರೊಬೇಷನ್ ಇಲಾಖೆಯೇ, ಅಂದರೆ ಕೋರ್ಟಿನ ಪರವಾಗಿ ಹುಡುಗರ ಮೇಲೆ ನಿಗಾ ಇಡುವ ಇಲಾಖೆ, ಅದಕ್ಕೇ ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಮೈಸೂರಿನಲ್ಲಿರುವ ನಿಮ್ಮ ಮನೆಯವರಿಗೆ ಹೇಳುವುದಾದರೆ, ನಮ್ಮಲ್ಲೂ ವಿಚಾರಣೆ ಮುಗಿಯುವ ತನಕ ಇರುವ ವೀಕ್ಷಣಾಲಯ ಬೇರೆ, ಆಮೇಲೆ ಕಳಿಸುವ ವಿಶೇಷ ಗೃಹ ಬೇರೆ. ಜನರ ಬಾಯಲ್ಲಿ ಮಾತ್ರ ಎರಡೂ ರಿಮ್ಯಾಂಡ್ ಹೋಮ್.

ಬೇಲ್ ವಿಷಯದಲ್ಲಿ ಮಾತ್ರ ಊರಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಭಾರತದ 2015ರ ಬಾಲ ನ್ಯಾಯ ಕಾಯ್ದೆಯಲ್ಲಿ ಮಕ್ಕಳಿಗೆ ಜಾಮೀನು ಕೊಡುವುದೇ ನಿಯಮ, ನಿರಾಕರಿಸಬೇಕಾದರೆ ಕಾರಣ ಬೇಕು. ಕ್ಯಾಲಿಫೋರ್ನಿಯಾದ ಬಾಲ ನ್ಯಾಯಾಲಯದಲ್ಲಿ ದುಡ್ಡು ಕಟ್ಟಿ ಬಿಡಿಸಿಕೊಳ್ಳುವ ಬೇಲ್ ಅನ್ನುವುದೇ ಇಲ್ಲ. ಅಂದ ಮಾತ್ರಕ್ಕೆ ಬಿಡುವುದೇ ಇಲ್ಲ ಅಂತಲ್ಲ. ಹುಡುಗ ಓಡಿಹೋಗುತ್ತಾನಾ, ಬೇರೆಯವರಿಗೆ ಅಥವಾ ಅವನಿಗೇ ಅಪಾಯ ಇದೆಯಾ, ಹಿಂದೆ ಕೋರ್ಟಿನ ಮಾತು ಮೀರಿದ್ದಾನಾ, ಇವುಗಳ ಮೇಲೆ ಜಡ್ಜ್ ತೀರ್ಮಾನ ಮಾಡುತ್ತಾರೆ. ಹಿಡಿದು ಒಳಗಿಟ್ಟ 48 ಗಂಟೆಯೊಳಗೆ, ರಜಾದಿನ ಬಿಟ್ಟು, ಸರ್ಕಾರದ ಕಡೆಯಿಂದ ಆರೋಪಗಳ ಅರ್ಜಿ ಕೋರ್ಟಿಗೆ ಬರಬೇಕು. ಅದರ ಮುಂದಿನ ಕೋರ್ಟ್ ದಿನ ಮುಗಿಯುವುದರೊಳಗೆ ಡಿಟೆನ್ಷನ್ ಹಿಯರಿಂಗ್, ಅಂದರೆ ಒಳಗಿಡಬೇಕಾ ಬಿಡಬೇಕಾ ಅನ್ನುವ ವಿಚಾರಣೆ ಆಗಬೇಕು. ನಿಮ್ಮ ಮಗನದ್ದು ಆಗಿಹೋಗಿದೆ, ಜಡ್ಜ್ ಒಳಗೇ ಇರಲಿ ಅಂದಿದ್ದಾರೆ. ಆದರೆ ಪರಿಸ್ಥಿತಿ ಬದಲಾಗಿದೆ ಅಂತ ತೋರಿಸಿ ವಕೀಲರು ಮತ್ತೆ ಕೇಳಬಹುದು. ಕಾಲಿಗೆ ಎಲೆಕ್ಟ್ರಾನಿಕ್ ಪಟ್ಟಿ ಹಾಕಿ ಮನೆಗೆ ಕಳಿಸುವ ವ್ಯವಸ್ಥೆಯೂ ಇದೆ.

ಇಲ್ಲಿ ಒಂದು ಮಾತು ಕೇಳಬೇಕು, ಬೇಜಾರು ಮಾಡಿಕೊಳ್ಳಬೇಡಿ. ಪ್ರೊಬೇಷನ್‌ನವರು ಮೊದಲ ದಿನ ಫೋನ್ ಮಾಡಿದಾಗ ನೀವು ಅಥವಾ ಯಜಮಾನರು 'ಇರಲಿ ಬಿಡಿ, ನಾಲ್ಕು ದಿನ ಅಲ್ಲೇ ಇದ್ದರೆ ಬುದ್ಧಿ ಬರುತ್ತೆ' ಅಂದಿರಾ? ಕೋಪದಲ್ಲಿ, ಅವಮಾನದಲ್ಲಿ ಈ ಮಾತು ಬಂದುಬಿಡುತ್ತದೆ. ಆದರೆ ಅದು ವರದಿಯಲ್ಲಿ 'ಪೋಷಕರು ಮನೆಗೆ ಕರೆದುಕೊಳ್ಳಲು ಒಪ್ಪಲಿಲ್ಲ' ಅಂತ ದಾಖಲಾಗುತ್ತದೆ. ಹಾಗೆ ಹೇಳಿದ್ದರೆ ಈವತ್ತೇ ವಕೀಲರಿಗೆ ತಿಳಿಸಿ, ಸರಿ ಮಾಡಿಸಬಹುದು.

ಇನ್ನು ಬುದ್ಧಿ ಬರುತ್ತೆ ಅನ್ನುವ ನಂಬಿಕೆ. ಅಮೆರಿಕದಲ್ಲೂ ಇದು ತುಂಬಾ ಜನಕ್ಕೆ ಇತ್ತು. 1970ರ ದಶಕದಲ್ಲಿ ನ್ಯೂಜೆರ್ಸಿಯ ರಾವೇ ಜೈಲಿಗೆ ಹುಡುಗರನ್ನು ಕರೆದೊಯ್ದು, ಜೀವಾವಧಿ ಕೈದಿಗಳಿಂದ ಬೈಸಿ ಹೆದರಿಸುತ್ತಿದ್ದರು. ಬೇರೆ ರಾಜ್ಯಗಳೂ ಅದನ್ನೇ ನಕಲು ಮಾಡಿದವು. ಆಮೇಲೆ ಇಂಥ ಕಾರ್ಯಕ್ರಮಗಳನ್ನೆಲ್ಲ ಪರೀಕ್ಷಿಸಿ ನೋಡಿದರೆ, ಹೆದರಿಸಿಕೊಂಡು ಬಂದ ಹುಡುಗರೇ ಮುಂದೆ ಜಾಸ್ತಿ ತಪ್ಪು ಮಾಡಿದ್ದರು. ಶಿಕಾಗೋದ ದಾಖಲೆಗಳ ಮೇಲೆ ಅನ್ನಾ ಐಜರ್ ಮತ್ತು ಜೋಸೆಫ್ ಡಾಯ್ಲ್ ಅನ್ನುವ ಅರ್ಥಶಾಸ್ತ್ರಜ್ಞರು 2015ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದೇ ದಿಕ್ಕಿನದು. ಒಂದೇ ಥರದ ಹುಡುಗರಲ್ಲಿ ಕಟ್ಟುನಿಟ್ಟಿನ ಜಡ್ಜ್ ಸಿಕ್ಕಿ ಒಳಗೆ ಹೋದವರು ಹೈಸ್ಕೂಲ್ ಮುಗಿಸುವುದು ಕಡಿಮೆ, ದೊಡ್ಡವರಾದ ಮೇಲೆ ಜೈಲಿಗೆ ಹೋಗುವುದು ಜಾಸ್ತಿ. ಆದ್ದರಿಂದ ಹಾಲ್‌ನಲ್ಲಿ ಒಂದು ದಿನ ಕಡಿಮೆಯಾದರೂ ಲಾಭವೇ. ಅದನ್ನು ಪಾಠ ಅಂತ ನೋಡಬೇಡಿ.

ಈಗ ಒಳಗೆ ಹೇಗಿರುತ್ತೆ ಅಂತ ಹೇಳುತ್ತೇನೆ, ಯಾಕೆಂದರೆ ಗೊತ್ತಿಲ್ಲದ್ದನ್ನು ಮನಸ್ಸು ಇನ್ನೂ ಕೆಟ್ಟದಾಗಿ ಚಿತ್ರಿಸಿಕೊಳ್ಳುತ್ತದೆ. ಒಳಗೆ ಬಂದ ಕೂಡಲೇ ಬೆರಳಚ್ಚು, ಫೋಟೋ, ವಸ್ತುಗಳ ಪಟ್ಟಿ, ಬಟ್ಟೆ ಬದಲಾವಣೆ. ನರ್ಸ್ ನೋಡುತ್ತಾರೆ. ಆತ್ಮಹತ್ಯೆಯ ಯೋಚನೆ ಇದೆಯಾ, ಮಾದಕ ವಸ್ತು ತಗೊಂಡಿದ್ದಾನಾ ಅಂತ ಕೇಳುತ್ತಾರೆ. ಹಿಡಿದ ಒಂದು ಗಂಟೆಯೊಳಗೆ ಕನಿಷ್ಠ ಎರಡು ಫೋನ್ ಕರೆ ಮಾಡಿಸಬೇಕು, ಒಂದು ಮನೆಗೆ, ಒಂದು ವಕೀಲರಿಗೆ. ಆಮೇಲೆ ಯಾವ ಯೂನಿಟ್‌ಗೆ ಹಾಕಬೇಕು ಅಂತ ವಿಂಗಡಿಸುತ್ತಾರೆ. ವಯಸ್ಸು, ಮೈಕಟ್ಟು, ಕೇಸು, ಗ್ಯಾಂಗ್ ಸಂಬಂಧ, ಜೊತೆಗೆ ಸಿಕ್ಕಿಬಿದ್ದವರು ಯಾರು, ಇದನ್ನೆಲ್ಲ ನೋಡುತ್ತಾರೆ.

ದಿನ ಬೆಳಿಗ್ಗೆ ಬೇಗ ಶುರುವಾಗುತ್ತದೆ. ಶಾಲೆ ಅಲ್ಲೇ ಒಳಗಿದೆ, ಕೌಂಟಿಯ ಶಿಕ್ಷಣ ಕಚೇರಿ ನಡೆಸುವ ಆಸ್ಬೋರ್ನ್ ಸ್ಕೂಲ್. ದಿನಕ್ಕೆ 240 ನಿಮಿಷ ಪಾಠ ಆಗಲೇಬೇಕು, ಅರ್ಧಕ್ಕೆ ನಿಂತರೂ ಅಷ್ಟರ ಮಟ್ಟಿಗಿನ ಕ್ರೆಡಿಟ್ಟನ್ನು ಹೊರಗಿನ ಶಾಲೆ ಒಪ್ಪಿಕೊಳ್ಳಬೇಕು. ಹೊರಗೆ ಬಯಲಿನಲ್ಲಿ ಆಟಕ್ಕೆ ಸಮಯ, ಗುಂಪಿನಲ್ಲಿ ಮಾತುಕತೆ, ಊಟ, ಸ್ನಾನ, ಕೋಣೆ. ನೋಡಿಕೊಳ್ಳುವವರನ್ನು ಗ್ರೂಪ್ ಕೌನ್ಸೆಲರ್ ಅನ್ನುತ್ತಾರೆ. ಎಚ್ಚರವಾಗಿರುವ ಹೊತ್ತಿನಲ್ಲಿ ಹತ್ತು ಮಕ್ಕಳಿಗೆ ಒಬ್ಬರಾದರೂ ಇರಬೇಕು ಅನ್ನುವುದು ರಾಜ್ಯದ ನಿಯಮ. ರಾತ್ರಿ 30 ಮಕ್ಕಳಿಗೆ ಒಬ್ಬರು.

ದೊಡ್ಡವರ ಜೊತೆ ಇಡುತ್ತಾರಾ ಅಂತ ಕೇಳಿದಿರಿ. ವಯಸ್ಕ ಕೈದಿಗಳ ಕಣ್ಣಿಗೂ ಕಿವಿಗೂ ಸಿಗದ ಹಾಗೆ ಮಕ್ಕಳನ್ನು ಬೇರೆ ಇಡಬೇಕು ಅನ್ನುವುದು 1974ರಿಂದ ಬಂದ ಫೆಡರಲ್ ಕಾನೂನು, ಅದರಲ್ಲಿ ರಾಜಿ ಇಲ್ಲ. ಆದರೆ ಇನ್ನೊಂದು ನಿಜವೂ ಇದೆ. ಕ್ಯಾಲಿಫೋರ್ನಿಯಾದಲ್ಲಿ ಮೊದಲು ಗಂಭೀರ ಕೇಸಿನ ಹುಡುಗರನ್ನು ರಾಜ್ಯ ಸರ್ಕಾರದ ಕೇಂದ್ರಗಳಿಗೆ ಕಳಿಸುತ್ತಿದ್ದರು. 1990ರ ದಶಕದ ಮಧ್ಯದಲ್ಲಿ ಅಲ್ಲಿ ಹತ್ತು ಸಾವಿರದ ಹತ್ತಿರ ಹುಡುಗರಿದ್ದರು. ಹಿಂಸೆ, ಒಂಟಿ ಕೋಣೆ, ಕೋರ್ಟ್ ಕೇಸುಗಳು, ಎಲ್ಲ ಆಗಿ ಕೊನೆಗೆ 2023ರ ಜೂನ್ 30ಕ್ಕೆ ಅವು ಮುಚ್ಚಿದವು. ಆ ಜವಾಬ್ದಾರಿ ಈಗ ಕೌಂಟಿಗಳ ಮೇಲೆ. ಹಾಗಾಗಿ ಕೌಂಟಿಯ ವ್ಯವಸ್ಥೆಯೊಳಗೆ ಹದಿನೆಂಟು ದಾಟಿದ, ಇಪ್ಪತ್ತರ ಆಚೆಗಿನ ಹುಡುಗರೂ ಇರಬಹುದು. ಅವರೂ ಹದಿನೆಂಟರೊಳಗೆ ಮಾಡಿದ ಅಪರಾಧಕ್ಕೇ ಬಂದವರು. ಅವರ ಕಾರ್ಯಕ್ರಮ ಬೇರೆ. ನಿಮ್ಮ ಮಗನ ಯೂನಿಟ್‌ನಲ್ಲಿ ಯಾರಿದ್ದಾರೆ ಅಂತ ನೀವು ಕೇಳಬಹುದು, ಕೇಳಿ.

ಹೊಡೆದಾಟ ಆಗುವುದೇ ಇಲ್ಲ ಅಂತ ನಾನು ಹೇಳಿದರೆ ಸುಳ್ಳಾಗುತ್ತದೆ. ಆಗುತ್ತವೆ. ಹೊಸಬನನ್ನು ಕೆಣಕುವುದು, ಯಾವ ಗ್ಯಾಂಗ್ ಅಂತ ಕೇಳುವುದು ಇರುತ್ತದೆ. ಶಿಕ್ಷೆಯಾಗಿ ಒಂಟಿ ಕೋಣೆಗೆ ತಳ್ಳುವುದನ್ನು ರಾಜ್ಯದ ಕಾನೂನು 2018ರಿಂದ ನಿಷೇಧಿಸಿದೆ. ಅಪಾಯ ತಪ್ಪಿಸಲು ಮಾತ್ರ ಬಳಸಬಹುದು, ನಾಲ್ಕು ಗಂಟೆ ಮೀರಿದರೆ ಕಾರಣ ಬರೆದಿಟ್ಟು, ಅವನನ್ನು ಹೊರಗೆ ತರುವ ಯೋಜನೆ ಮಾಡಬೇಕು. ಮಗನನ್ನು ನೋಡಲು ಹೋದಾಗ ಸುಮ್ನೆ 'ಹೇಗಿದ್ದೀಯ' ಅಂದರೆ 'ಚೆನ್ನಾಗಿದ್ದೀನಿ' ಅಂತಾನೆ. 'ನೆನ್ನೆ ಎಷ್ಟು ಹೊತ್ತು ಕೋಣೆಯಲ್ಲಿದ್ದೆ, ಮಾತ್ರೆ ಯಾವಾಗ ಕೊಟ್ಟರು, ರಾತ್ರಿ ನಿದ್ದೆ ಬಂತಾ, ಊಟ ಯಾರ ಜೊತೆ ಮಾಡಿದೆ' ಅಂತ ಕೇಳಿ. ಸರಿ ಇಲ್ಲ ಅನ್ನಿಸಿದರೆ ಯೂನಿಟ್‌ನ ಸೂಪರ್‌ವೈಸರ್‌ಗೆ, ಆಮೇಲೆ ವಕೀಲರಿಗೆ ಹೇಳಿ. ರಾಜ್ಯದ ಯೂತ್ ಅಂಡ್ ಕಮ್ಯುನಿಟಿ ರೆಸ್ಟೊರೇಷನ್ ಕಚೇರಿಯಲ್ಲಿ ಮಕ್ಕಳ ದೂರು ಕೇಳುವುದಕ್ಕೇ ಒಬ್ಬ ಒಂಬುಡ್ಸ್‌ಪರ್ಸನ್ ಇದ್ದಾರೆ, ಅಲ್ಲಿಗೂ ಹೋಗಬಹುದು. ದೂರು ಕೊಟ್ಟರೆ ಮಗನ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಾರೆ ಅಂತ ನಮ್ಮ ಜನ ಹೆದರುತ್ತಾರೆ. ವಿಚಾರಿಸುವ ಅಪ್ಪ ಅಮ್ಮ ಇರುವ ಹುಡುಗನ ಕಡೆಗೆ ಗಮನ ಜಾಸ್ತಿ ಇರುತ್ತದೆ, ಕಡಿಮೆ ಅಲ್ಲ.

ಮಾತ್ರೆ ಮತ್ತು ಊಟದ್ದು ಸುಲಭ. ಮಾತ್ರೆಯ ಹೆಸರು, ಪ್ರಮಾಣ, ಡಾಕ್ಟರ್ ಹೆಸರು, ಫಾರ್ಮಸಿ, ಇಷ್ಟನ್ನು ಹಾಲ್‌ನ ವೈದ್ಯಕೀಯ ವಿಭಾಗಕ್ಕೆ ಫೋನ್ ಮಾಡಿ ಕೊಡಿ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ. ಭೇಟಿಗೆ ಹೋಗುವಾಗ ಮಾತ್ರೆ ಜೇಬಿನಲ್ಲಿಟ್ಟುಕೊಂಡು ಹೋಗಬೇಡಿ. ಎಡಿಎಚ್‌ಡಿ ಮಾತ್ರೆ ತಪ್ಪಿದ ಹುಡುಗ ಚಡಪಡಿಸುತ್ತಾನೆ, ಎದುರು ಮಾತಾಡುತ್ತಾನೆ, ಅದು 'ನಡತೆ ಸರಿ ಇಲ್ಲ' ಅಂತ ವರದಿಗೆ ಹೋಗುತ್ತದೆ. ಆದ್ದರಿಂದ ಇದನ್ನು ನಾಳೆಗೆ ಬಿಡಬೇಡಿ. ಧರ್ಮದ ಕಾರಣಕ್ಕೆ, ಆರೋಗ್ಯದ ಕಾರಣಕ್ಕೆ ಬೇರೆ ಊಟ ಕೇಳಲು ನಿಯಮದಲ್ಲೇ ಅವಕಾಶ ಇದೆ. ಹುಡುಗ ನಾಚಿಕೊಂಡು ಕೇಳಿರುವುದಿಲ್ಲ, ನೀವೇ ಬರೆದು ಕೊಡಿ.

ಈಗ 'ಒಪ್ಪಿಕೊಂಡುಬಿಡು' ಅಂದ ಮಾತು. ಇದನ್ನು ಇಲ್ಲಿಗೇ ನಿಲ್ಲಿಸಿ. ಸತ್ಯ ಹೇಳಿದರೆ ದೊಡ್ಡವರು ಕ್ಷಮಿಸುತ್ತಾರೆ ಅಂತ ಮಕ್ಕಳಿಗೆ ನಾವೇ ಹೇಳಿಕೊಟ್ಟಿರುತ್ತೇವೆ, ಮನೆಯಲ್ಲಿ ಅದು ಸರಿ. ಕೋರ್ಟಿನ ದಾರಿ ಬೇರೆ. 1964ರಲ್ಲಿ ಅರಿಜೋನಾದ ಗಿಲಾ ಕೌಂಟಿಯಲ್ಲಿ ಜೆರಾಲ್ಡ್ ಗಾಲ್ಟ್ ಅನ್ನುವ 15 ವರ್ಷದ ಹುಡುಗನನ್ನು ಅಸಭ್ಯ ಫೋನ್ ಕರೆ ಮಾಡಿದ ಅಂತ ಹಿಡಿದುಕೊಂಡು ಹೋದರು. ಕೆಲಸಕ್ಕೆ ಹೋಗಿದ್ದ ಅಪ್ಪ ಅಮ್ಮನಿಗೆ ಒಂದು ಚೀಟಿಯನ್ನೂ ಬಿಟ್ಟಿರಲಿಲ್ಲ. ವಕೀಲರಿಲ್ಲ, ದೂರು ಕೊಟ್ಟವರು ಕೋರ್ಟಿಗೆ ಬರಲೂ ಇಲ್ಲ. ಅವನು ಒಪ್ಪಿಕೊಂಡ ಅಂತ ಹೇಳಿ 21 ವರ್ಷ ಆಗುವ ತನಕ ಸರ್ಕಾರಿ ಶಾಲೆ ಅನ್ನುವ ಹೆಸರಿನ ಬಂಧನಕ್ಕೆ ಕಳಿಸಿದರು. ದೊಡ್ಡವನು ಅದೇ ತಪ್ಪು ಮಾಡಿದ್ದರೆ ಹೆಚ್ಚೆಂದರೆ 50 ಡಾಲರ್ ದಂಡ ಇಲ್ಲವೇ ಎರಡು ತಿಂಗಳು ಜೈಲು. 1967ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ತಳ್ಳಿಹಾಕಿ, ಮಕ್ಕಳಿಗೂ ವಕೀಲರ ಹಕ್ಕು, ಸುಮ್ಮನಿರುವ ಹಕ್ಕು ಇದೆ ಅಂತ ಹೇಳಿತು. ಕ್ಯಾಲಿಫೋರ್ನಿಯಾ ಇನ್ನೂ ಮುಂದೆ ಹೋಗಿದೆ. ಹಿಡಿದ ಮೇಲೆ 17 ಅಥವಾ ಅದಕ್ಕಿಂತ ಚಿಕ್ಕ ವಯಸ್ಸಿನವರನ್ನು ಪೊಲೀಸರು ಪ್ರಶ್ನಿಸುವ ಮೊದಲು ವಕೀಲರ ಜೊತೆ ಮಾತಾಡಿಸಬೇಕು. 'ನನಗೆ ವಕೀಲ ಬೇಡ' ಅಂತ ಹುಡುಗನೇ ಹೇಳಿದರೂ ಅದು ನಡೆಯುವುದಿಲ್ಲ. ಆ ದಿನ ಪೊಲೀಸರು ಹೀಗೆ ಮಾಡಿದ್ದರಾ ಅಂತ ವಕೀಲರಿಗೆ ಕೇಳಿ.

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿರುವುದಿಲ್ಲ. ಗಂಡ ಹೆಂಡತಿ ನಡುವಿನ ಮಾತಿಗೆ, ವಕೀಲರ ಜೊತೆಗಿನ ಮಾತಿಗೆ ಕಾನೂನಿನ ರಕ್ಷಣೆ ಇದೆ. ತಾಯಿ ಮಗನ ಮಾತಿಗೆ ಈ ರಾಜ್ಯದಲ್ಲಿ ಅದು ಇಲ್ಲ. ಮಗ ನಿಮಗೆ ಹೇಳಿದ್ದನ್ನು ನಿಮ್ಮಿಂದಲೇ ಕೋರ್ಟಿನಲ್ಲಿ ಹೇಳಿಸಬಹುದು. ಹಾಲ್‌ನ ಫೋನ್ ರೆಕಾರ್ಡ್ ಆಗುತ್ತಿದೆ ಅಂದುಕೊಂಡೇ ಮಾತಾಡಿ. ಕನ್ನಡದಲ್ಲಿ ಮಾತಾಡಿದರೆ ಯಾರಿಗೆ ತಿಳಿಯುತ್ತೆ ಅಂತಲೂ ಅಂದುಕೊಳ್ಳಬೇಡಿ. ಕೇಸು ಬಿಟ್ಟು ಬೇರೆಲ್ಲ ಮಾತಾಡಿ. ಅವನಿಗೆ ಬೇಕಾಗಿರುವುದೂ ಅದೇ.

ಒಪ್ಪಿಕೊಳ್ಳುವುದೇ ಬೇಡ ಅಂತ ನಾನು ಹೇಳುತ್ತಿಲ್ಲ. ಎಷ್ಟೋ ಕೇಸು ಮಾತುಕತೆಯಲ್ಲೇ ಮುಗಿಯುತ್ತವೆ. ಆದರೆ ಏನನ್ನು ಒಪ್ಪಿಕೊಳ್ಳುತ್ತಾನೆ ಅನ್ನುವುದರ ಮೇಲೆ ಅವನ ಮುಂದಿನ ದಾರಿ ನಿಂತಿದೆ. ರಾಬರಿ, ಅಂದರೆ ಬಲ ತೋರಿಸಿ ಇಲ್ಲವೇ ಹೆದರಿಸಿ ಕಿತ್ತುಕೊಳ್ಳುವುದು, ಇಲ್ಲಿನ ಕಾನೂನಿನಲ್ಲಿ 707(ಬಿ) ಅನ್ನುವ ಗಂಭೀರ ಅಪರಾಧಗಳ ಪಟ್ಟಿಯಲ್ಲಿದೆ. ಆ ಪಟ್ಟಿಯೊಳಗಿದ್ದರೆ ದಾಖಲೆ ಮುಚ್ಚಿಸುವುದು (ಹೊರಗಿನವರು ನೋಡದ ಹಾಗೆ ಸೀಲ್ ಮಾಡಿಸುವುದು) ಕಷ್ಟ, ಕೆಲವು ರಿಯಾಯಿತಿಗಳು ಸಿಗುವುದಿಲ್ಲ, ಭದ್ರತೆಯ ಕೇಂದ್ರಕ್ಕೆ ಕಳಿಸುವ ಬಾಗಿಲೂ ತೆರೆದಿರುತ್ತದೆ. ಅದೇ ಘಟನೆಯನ್ನು ಕಳ್ಳತನದ ಕೆಳಗೆ ತಂದರೆ ಲೆಕ್ಕವೇ ಬದಲಾಗುತ್ತದೆ. ಹುಡುಗ 'ಹೂಂ ಮಾಡಿದೆ' ಅಂತ ಮೊದಲೇ ಎಲ್ಲರೆದುರು ಹೇಳಿಬಿಟ್ಟರೆ ವಕೀಲರ ಕೈಯಲ್ಲಿ ಮಾತಾಡಲು ಏನೂ ಉಳಿಯುವುದಿಲ್ಲ. 16 ತುಂಬಿದವರ ಕೇಸನ್ನು ದೊಡ್ಡವರ ಕೋರ್ಟಿಗೆ ವರ್ಗಾಯಿಸಿ ಅಂತ ಸರ್ಕಾರ ಕೇಳಬಹುದು, ಆದರೆ ಹುಡುಗನನ್ನು ಬಾಲ ನ್ಯಾಯಾಲಯದಲ್ಲಿ ತಿದ್ದಲು ಆಗುವುದಿಲ್ಲ ಅಂತ ಬಲವಾದ ಸಾಕ್ಷ್ಯದಿಂದ ತೋರಿಸಬೇಕು. ನಿಮ್ಮ ಮಗನ ಕೇಸಿನಲ್ಲಿ ಹಾಗೆ ಕೇಳಿದ್ದಾರಾ ಇಲ್ಲವಾ ಅನ್ನುವುದು ಒಂದೇ ಮಾತಿನ ಉತ್ತರ, ವಕೀಲರು ಹೇಳುತ್ತಾರೆ.

ಪಬ್ಲಿಕ್ ಡಿಫೆಂಡರ್ ಅಂದರೆ ಸರ್ಕಾರ ಕೊಡುವ ಪುಕ್ಕಟೆ ವಕೀಲ, ಹಾಗಾಗಿ ಚೆನ್ನಾಗಿರಲ್ಲ ಅನ್ನುವ ಮಾತು ನಮ್ಮವರಲ್ಲಿ ಇದೆ. ನಾನು ನೋಡಿದ ಮಟ್ಟಿಗೆ ದಿನವೂ ಅದೇ ಕೋರ್ಟಿನಲ್ಲಿ, ಅದೇ ಜಡ್ಜ್ ಎದುರು ನಿಲ್ಲುವ ಅವರಿಗೆ ಈ ಕೆಲಸ ಚೆನ್ನಾಗಿ ಗೊತ್ತು. ಖಾಸಗಿಯಾಗಿ ಇಡುವುದಾದರೆ ಬಾಲ ನ್ಯಾಯಾಲಯದಲ್ಲೇ ಕೆಲಸ ಮಾಡಿದವರನ್ನು ಇಡಿ, ಮನೆ ಖರೀದಿ ಪತ್ರ ಮಾಡಿಸಿದ ಪರಿಚಯದ ವಕೀಲರನ್ನಲ್ಲ. ಅವರು ನಿಮ್ಮ ವಕೀಲರಲ್ಲ, ಮಗನ ವಕೀಲರು ಅನ್ನುವುದೂ ನೆನಪಿರಲಿ. ಮಗ ಹೇಳಿದ್ದನ್ನು ನಿಮಗೆ ಹೇಳದಿದ್ದರೆ ಸಿಟ್ಟಾಗಬೇಡಿ. ಹಾಲ್‌ನಲ್ಲಿಟ್ಟಿದ್ದಕ್ಕೆ, ವಕೀಲರಿಗೆ, ಕಾಲಿನ ಪಟ್ಟಿಗೆ ಪೋಷಕರಿಂದ ದುಡ್ಡು ವಸೂಲಿ ಮಾಡುವುದು 2018ರಿಂದ ನಿಂತಿದೆ. ಕಳೆದುಕೊಂಡವರಿಗೆ ಕೊಡಬೇಕಾದ ಪರಿಹಾರ ಬೇರೆ, ಅದು ಉಳಿಯುತ್ತದೆ.

ಈಗ ರಾಂಚ್.

ಇದು ಹೇಗೆ ಬಂತು ಅಂತ ಸ್ವಲ್ಪ ಹೇಳಬೇಕು. ಮಿಸೌರಿ ರಾಜ್ಯದಲ್ಲಿ ಬೂನ್‌ವಿಲ್ ಅನ್ನುವ ಕಡೆ ನೂರಾರು ಹುಡುಗರನ್ನು ತುಂಬಿದ ದೊಡ್ಡ ಬಂಧನ ಶಾಲೆ ಇತ್ತು, ಹೊಡೆತ ಬಡಿತಕ್ಕೆ ಹೆಸರಾಗಿತ್ತು. 1983ರಲ್ಲಿ ಅದನ್ನು ಮುಚ್ಚಿ, ಹತ್ತು ಹನ್ನೆರಡು ಹುಡುಗರ ಚಿಕ್ಕ ಚಿಕ್ಕ ಗುಂಪುಗಳನ್ನು ಮಾಡಿದರು. ಒಂದೇ ಗುಂಪು ಜೊತೆಗೆ ಮಲಗುತ್ತದೆ, ಓದುತ್ತದೆ, ಜಗಳ ಆದರೆ ಎಲ್ಲರೂ ಸುತ್ತ ಕೂತು ಮಾತಾಡುತ್ತಾರೆ. ಸಿಬ್ಬಂದಿಯೂ ಬದಲಾಗುವುದಿಲ್ಲ. ಸಾಂತಾ ಕ್ಲಾರಾ ಕೌಂಟಿ 2006ರಲ್ಲಿ ತನ್ನ ರಾಂಚ್‌ಗಳನ್ನು ಇದೇ ಮಾದರಿಗೆ ಬದಲಾಯಿಸಿತು. ಅಲ್ಲಿಯೂ ಚಿಕ್ಕ ಗುಂಪುಗಳು, ಮಲಗುವ ಜಾಗ ಹಾಸ್ಟೆಲ್ ಥರ, ಒಳಗೇ ಬ್ಲೂ ರಿಡ್ಜ್ ಅನ್ನುವ ಶಾಲೆ. ಸಾಮಾನ್ಯವಾಗಿ ಆರರಿಂದ ಎಂಟು ತಿಂಗಳು, ಆಮೇಲೆ ಮನೆಗೆ ಬಂದ ಮೇಲೂ ಕೆಲವು ತಿಂಗಳು ನಿಗಾ ಮತ್ತು ಸಹಾಯ.

ಚಿಕಿತ್ಸೆ ಅಂದರೆ ಮಾತ್ರೆ ಇಂಜೆಕ್ಷನ್ ಅಲ್ಲ. ಒಂದು ಕ್ಷಣದಲ್ಲಿ ತಲೆಯಲ್ಲಿ ಏನು ಓಡಿತು, ಅದರಿಂದ ಏನನ್ನಿಸಿತು, ಆಮೇಲೆ ಏನು ಮಾಡಿದೆ ಅಂತ ಹಿಂದಕ್ಕೆ ಹೋಗಿ ನೋಡುವುದನ್ನು ದಿನವೂ ಅಭ್ಯಾಸ ಮಾಡಿಸುತ್ತಾರೆ. ನಿಮ್ಮ ಮಗನ ವಯಸ್ಸಿನಲ್ಲಿ ಗೆಳೆಯರು ನೋಡುತ್ತಿದ್ದಾರೆ ಅನ್ನುವುದೊಂದೇ ಸಾಕು, ಒಬ್ಬನೇ ಇದ್ದಿದ್ದರೆ ಮಾಡದ ಕೆಲಸ ಮಾಡಿಬಿಡುತ್ತಾರೆ. ಈ ವಯಸ್ಸಿನವರ ಅಪರಾಧ ಗುಂಪಿನಲ್ಲೇ ಆಗುವುದು ಜಾಸ್ತಿ. ಎಡಿಎಚ್‌ಡಿ ಇದ್ದರೆ ಯೋಚನೆಗೂ ಕೈಗೂ ನಡುವಿನ ಅಂತರ ಇನ್ನೂ ಕಡಿಮೆ. ಇದು ತಪ್ಪಿಗೆ ನೆಪ ಅಲ್ಲ, ಆದರೆ ಎಲ್ಲಿ ಕೆಲಸ ಮಾಡಬೇಕು ಅನ್ನುವುದನ್ನು ತೋರಿಸುತ್ತದೆ. ಜೊತೆಗೆ ಗಾಂಜಾ, ವೇಪ್ ಅಭ್ಯಾಸ ಇದ್ದರೆ ಅದಕ್ಕೆ ಬೇರೆ ಕೌನ್ಸೆಲಿಂಗ್. ಮನೆಯವರನ್ನೂ ಕೂರಿಸಿ ಮಾತಾಡಿಸುತ್ತಾರೆ. ಒಳ್ಳೆಯ ನಡತೆ ತೋರಿಸುತ್ತ ಹೋದರೆ ವಾರಾಂತ್ಯಕ್ಕೆ ಮನೆಗೆ ಬಿಡುತ್ತಾರೆ. ಆ ಎರಡು ದಿನ ಮನೆಯಲ್ಲಿ ಏನಾಯಿತು ಅನ್ನುವುದೇ ಮುಂದಿನ ವಾರದ ಪಾಠ.

ಅಪಾಯಗಳೂ ಇವೆ. ಅಲ್ಲಿರುವ ಬೇರೆ ಹುಡುಗರಲ್ಲಿ ನಿಮ್ಮ ಮಗನಿಗಿಂತ ತುಂಬಾ ಮುಂದೆ ಹೋದವರು ಇರುತ್ತಾರೆ, ಅವರಿಂದ ಕಲಿಯುವುದೂ ಇರುತ್ತದೆ. ರಾಂಚ್‌ನಿಂದ ಓಡಿಹೋದರೆ ಅದೇ ಹೊಸ ಅಪರಾಧ. ಕಾರ್ಯಕ್ರಮ ಅರ್ಧಕ್ಕೆ ಕೆಟ್ಟರೆ ಮತ್ತೆ ಹಾಲ್‌ಗೆ, ಮೊದಲಿಂದ ಲೆಕ್ಕ. ಮಾರ್ಗನ್ ಹಿಲ್ ನಿಮಗೆ ದೂರ, ಸಂಜೆ ಟ್ರಾಫಿಕ್‌ನಲ್ಲಿ ಹೋಗಿಬರುವುದು ಕಷ್ಟ. ಮೊದಲ ಸಲ ಸಿಕ್ಕಿಬಿದ್ದ, ಮನೆಯಲ್ಲಿ ಜನ ಇರುವ, ಓದುತ್ತಿರುವ ಹುಡುಗನನ್ನು ಅಲ್ಲಿಗೆ ಹಾಕಿದರೆ ಒಳ್ಳೆಯದಕ್ಕಿಂತ ಕೆಟ್ಟದ್ದೇ ಜಾಸ್ತಿ ಆಗಬಹುದು. ಅದೇ, ತಿಂಗಳುಗಟ್ಟಲೆ ಮನೆ ಬಿಟ್ಟು ಓಡಾಡುತ್ತಿದ್ದ, ದಿನವೂ ನಶೆಯಲ್ಲಿದ್ದ ಹುಡುಗನಿಗೆ ಅದು ಜೀವ ಉಳಿಸಿದ್ದನ್ನೂ ನೋಡಿದ್ದೇನೆ. ನಿಮ್ಮ ಮಗ ಯಾವ ಕಡೆ ಹತ್ತಿರ ಅನ್ನುವುದು ಪತ್ರದಿಂದ ನನಗೆ ಅರ್ಧ ಮಾತ್ರ ಕಂಡಿತು. ಕಂಡಷ್ಟರಲ್ಲಿ ಹೇಳುವುದಾದರೆ ಮನೆಯಲ್ಲೇ ಪ್ರೊಬೇಷನ್, ಅಂದರೆ ಮನೆಯಲ್ಲಿದ್ದುಕೊಂಡು ಕೋರ್ಟಿನ ನಿಗಾದಲ್ಲಿರುವುದನ್ನು ಕೇಳಲು ಬಲವಾದ ಕಾರಣ ಇದೆ.

ಆದರೆ ಅದನ್ನು ಕೇಳುವ ರೀತಿ ಇದೆ. ತೀರ್ಮಾನದ ಹಿಯರಿಂಗ್‌ಗೆ ಮೊದಲು ಪ್ರೊಬೇಷನ್ ಆಫೀಸರ್ ನಿಮ್ಮ ಜೊತೆ ಮಾತಾಡಿ ದೊಡ್ಡ ವರದಿ ಬರೆಯುತ್ತಾರೆ, ಜಡ್ಜ್ ಅದನ್ನು ಓದಿಕೊಂಡೇ ಬರುತ್ತಾರೆ. ನಮ್ಮ ಜನ ಆಗ 'ನಮ್ಮದು ಮರ್ಯಾದಸ್ಥ ಕುಟುಂಬ, ನಾವು ನೋಡ್ಕೋತೀವಿ' ಅನ್ನುತ್ತಾರೆ. ಆಫೀಸರ್ ಮನಸ್ಸಿನಲ್ಲಿ ಬರುವ ಪ್ರಶ್ನೆ: ಇಷ್ಟು ದಿನವೂ ನೀವೇ ನೋಡಿಕೊಳ್ಳುತ್ತಿದ್ದಿರಲ್ಲ? ಅದರ ಬದಲು ಬರೆದು ಕೊಡಿ. ಶಾಲೆ ಬಿಟ್ಟ ಮೇಲೆ ಮೂರರಿಂದ ಆರು ಗಂಟೆ ತನಕ ಮನೆಯಲ್ಲಿ ಯಾರಿರುತ್ತಾರೆ. ಫೋನ್ ಯಾರ ಹತ್ತಿರ ಇರುತ್ತದೆ. ಆ ಇಬ್ಬರು ಹುಡುಗರ ಸಂಪರ್ಕ ಹೇಗೆ ತಪ್ಪಿಸುತ್ತೀರಿ, ಬೇಕಾದರೆ ಶಾಲೆ ಬದಲಾಯಿಸುತ್ತೀರಾ. ಯಾವ ಕೌನ್ಸೆಲರ್ ಹತ್ತಿರ ಯಾವ ವಾರ ಅಪಾಯಿಂಟ್‌ಮೆಂಟ್ ಸಿಕ್ಕಿದೆ. ಮಾತ್ರೆ ಯಾರು ಕೊಡುತ್ತಾರೆ. ಯಜಮಾನರು ಕೆಲಸದ ಸಮಯ ಬದಲಾಯಿಸಿಕೊಳ್ಳಲು ಆಗುತ್ತಾ. ಮನೆಗೇ ಬಂದು ಕುಟುಂಬದ ಜೊತೆ ಕೆಲಸ ಮಾಡುವ ರಾಪ್‌ಅರೌಂಡ್, ಫ್ಯಾಮಿಲಿ ಥೆರಪಿ ಥರದ ಸೇವೆಗಳು ಕೌಂಟಿಯಲ್ಲಿವೆ, ಅವು ಬೇಕು ಅಂತ ನೀವೇ ಕೇಳಿ. ಈ ಕಾಗದವನ್ನು ಮೊದಲು ವಕೀಲರಿಗೆ ತೋರಿಸಿ, ಆಮೇಲೆ ಆಫೀಸರ್‌ಗೆ. ಗಾಂಜಾ ವಿಷಯ ಇದ್ದರೆ ಏನು ಹೇಳಬೇಕು, ಎಷ್ಟು ಹೇಳಬೇಕು ಅನ್ನುವುದನ್ನೂ ವಕೀಲರನ್ನೇ ಕೇಳಿ. ಮುಚ್ಚಿಟ್ಟರೆ ಮೂತ್ರ ಪರೀಕ್ಷೆಯಲ್ಲಿ ಸಿಗುತ್ತದೆ, ವಿವರವಾಗಿ ಬಾಯಿಬಿಟ್ಟರೆ ವೀಸಾಕ್ಕೆ ತೊಡಕಾಗಬಹುದು.

ಕೋರ್ಟಿನಲ್ಲಿ ಕನ್ನಡ ದುಭಾಷಿ ಬೇಕಾದರೆ ಮೊದಲೇ ಕೇಳಿ, ಅದು ಉಚಿತ. ದಿನವೂ ಇಂಗ್ಲಿಷಿನಲ್ಲಿ ಕೆಲಸ ಮಾಡುವವರಿಗೂ ಕೋರ್ಟಿನ ಇಂಗ್ಲಿಷ್ ತಲೆಗೆ ಹೋಗುವುದಿಲ್ಲ, ಅದೂ ಅಂಥ ದಿನ. ಎಲ್ಲದಕ್ಕೂ 'ಎಸ್, ಎಸ್' ಅಂದು ಬರುವುದಕ್ಕಿಂತ ಇದು ಮೇಲು.

ಮೈಸೂರಿಗೆ ಕಳಿಸುವ ಮಾತು. ಕೇಸು ನಡೆಯುತ್ತಿರುವಾಗ, ಪ್ರೊಬೇಷನ್ ಇರುವಾಗ ಕೋರ್ಟಿನ ಅನುಮತಿ ಇಲ್ಲದೆ ವಿಮಾನ ಹತ್ತಿಸಿದರೆ ವಾರಂಟ್ ಬರುತ್ತದೆ. ಕೇಸು ಮುಗಿಯುವುದಿಲ್ಲ, ಅಲ್ಲೇ ತೆರೆದಿರುತ್ತದೆ. ವಾಪಸ್ ಬರಲು ಎಚ್-4 ಸ್ಟಾಂಪ್ ಬೇಕಾದರೆ ವೀಸಾ ಫಾರ್ಮಿನಲ್ಲಿ ಎಂದಾದರೂ ಅರೆಸ್ಟ್ ಆಗಿದ್ದೀರಾ ಅಂತ ಪ್ರಶ್ನೆ ಇದೆ. ಅಲ್ಲಿ ಸಿಕ್ಕಿಕೊಂಡರೆ ಅವನು ಅಲ್ಲಿ, ನೀವು ಇಲ್ಲಿ. ಎಲ್ಲ ಮುಗಿದು, ಕೋರ್ಟ್ ಒಪ್ಪಿ, ಇಮಿಗ್ರೇಷನ್ ವಕೀಲರೂ ಸರಿ ಅಂದ ಮೇಲೆ ರಜೆಗೆ ಅಜ್ಜಿ ಮನೆಗೆ ಹೋಗಿಬರಲಿ. ಈಗ ಬೇಡವೇ ಬೇಡ.

ವೀಸಾ ಬಗ್ಗೆ ನಿಮಗೆ ಸ್ವಲ್ಪ ಧೈರ್ಯ ಕೊಡುವ ವಿಷಯ ಇದೆ. ಬಾಲ ನ್ಯಾಯಾಲಯದಲ್ಲಿ ಆರೋಪ ಸಾಬೀತಾದರೂ ಅದು ಕ್ಯಾಲಿಫೋರ್ನಿಯಾ ಕಾನೂನಿನಲ್ಲಿ ಅಪರಾಧಿ ಅನ್ನುವ ತೀರ್ಪು ಅಲ್ಲ. ಫೆಡರಲ್ ಇಮಿಗ್ರೇಷನ್ ಮೇಲ್ಮನವಿ ಮಂಡಳಿಯೂ 2000ನೇ ಇಸವಿಯಲ್ಲಿ ಡೆವಿಸನ್ ಕೇಸಿನಲ್ಲಿ ಇದನ್ನೇ ಹೇಳಿದೆ. ಆದರೆ ತೀರ್ಪು ಬೇಡದೆ, ನಡತೆಯ ಮೇಲೆಯೇ ತಡೆಯುವ ಕಾರಣಗಳೂ ಇವೆ. ಡ್ರಗ್ಸ್ ಮಾರಿದ್ದಾನೆ ಅನ್ನುವ ಅನುಮಾನ, ನಶೆಯ ಚಟ, ಇಂಥವು. ಗ್ರೀನ್ ಕಾರ್ಡ್ ಕೊಡುವಾಗ ಎಲ್ಲವನ್ನೂ ತೂಗಿ ನೋಡುವ ಅಧಿಕಾರವೂ ಅಧಿಕಾರಿಗೆ ಇದೆ. ದಾಖಲೆ ಮುಚ್ಚಿಸಿದ ಮೇಲೆ ಕೆಲಸದ ಅರ್ಜಿಯಲ್ಲಿ ಅರೆಸ್ಟ್ ಆಗಿಲ್ಲ ಅಂತ ಬರೆಯಬಹುದು. ಇಮಿಗ್ರೇಷನ್ ಫಾರ್ಮಿನಲ್ಲಿ ಹಾಗೆ ಬರೆಯಬೇಡಿ, ಸುಳ್ಳು ಹೇಳಿದ್ದೇ ಅರೆಸ್ಟ್‌ಗಿಂತ ದೊಡ್ಡ ತೊಂದರೆ ಆಗುತ್ತದೆ. ದಾಖಲೆ ಮುಚ್ಚಿಸುವ ಮೊದಲು ಕೋರ್ಟಿನ ಅಂತಿಮ ಆದೇಶದ ದೃಢೀಕೃತ ಪ್ರತಿಗಳನ್ನು ತೆಗೆದಿಟ್ಟುಕೊಳ್ಳಿ. ಮುಂದೆ ಕೇಳಿದಾಗ ಮುಚ್ಚಿದ ಕಡತದಿಂದ ತೆಗೆಸುವುದು ದೊಡ್ಡ ಪಾಡು. ಕಾಲೇಜಿನ ಬಗ್ಗೆ ಕೇಳದಿದ್ದರೂ ಹೇಳುತ್ತೇನೆ, ತುಂಬಾ ಕಾಲೇಜುಗಳು ಬಳಸುವ ಕಾಮನ್ ಅಪ್ಲಿಕೇಷನ್‌ನ ಸಾಮಾನ್ಯ ಭಾಗದಿಂದ ಅಪರಾಧದ ಪ್ರಶ್ನೆಯನ್ನು 2019ರಲ್ಲೇ ತೆಗೆದಿದ್ದಾರೆ.

ಯಾರಿಗೂ ಹೇಳಿಲ್ಲ ಅಂದಿರಿ. ಎಲ್ಲರಿಗೂ ಹೇಳಬೇಕಾಗಿಲ್ಲ. ಬಾಲ ನ್ಯಾಯಾಲಯದ ದಾಖಲೆಗಳು ಗುಟ್ಟಾಗಿಯೇ ಇರುತ್ತವೆ, ಹಿಯರಿಂಗ್‌ಗೂ ಸಾಮಾನ್ಯವಾಗಿ ಹೊರಗಿನವರನ್ನು ಬಿಡುವುದಿಲ್ಲ, ಕೆಲವು ಗಂಭೀರ ಆರೋಪಗಳಲ್ಲಿ ಮಾತ್ರ ಬಿಡಬಹುದು. ಆದರೆ ಒಬ್ಬರಿಗಾದರೂ ಹೇಳಿ. ನಿಮ್ಮ ಕಿರಿಯ ಮಗಳನ್ನು ಭೇಟಿಯ ದಿನ ನೋಡಿಕೊಳ್ಳಲು, ಕೋರ್ಟಿನ ಹೊರಗೆ ಬೆಂಚಿನ ಮೇಲೆ ನಿಮ್ಮ ಪಕ್ಕ ಕೂರಲು ಒಬ್ಬರು ಬೇಕು. ಮಗಳಿಗೂ 'ಅಣ್ಣ ಕ್ಯಾಂಪ್‌ಗೆ ಹೋಗಿದ್ದಾನೆ' ಅಂತ ಹೇಳಬೇಡಿ, ಶಾಲೆಯಲ್ಲಿ ಅವಳಿಗೆ ಬೇರೆಯವರಿಂದ ತಿಳಿಯುತ್ತದೆ. 'ಅಣ್ಣ ತಪ್ಪು ಮಾಡಿದ್ದಾನೆ ಅಂತ ಕೇಸಾಗಿದೆ, ಕೋರ್ಟ್ ನೋಡುತ್ತಿದೆ, ಅವನು ಕ್ಷೇಮವಾಗಿದ್ದಾನೆ, ನಾವು ಹೋಗಿ ನೋಡಿ ಬರುತ್ತಿದ್ದೇವೆ' ಅಷ್ಟು ಸಾಕು.

ಭೇಟಿಯನ್ನು ಮಾತ್ರ ಒಂದನ್ನೂ ತಪ್ಪಿಸಬೇಡಿ. ವಾರಕ್ಕೆ ಕನಿಷ್ಠ ಎರಡು ಗಂಟೆ ಅವಕಾಶ ಕೊಡಲೇಬೇಕು ಅಂತ ನಿಯಮ ಇದೆ. ಅಪ್ಪನೂ ಬರಲಿ. ಮೌನವಾಗಿ ಶಿಕ್ಷೆ ಕೊಡುವ ಅಪ್ಪಂದಿರನ್ನು ನಾನು ತುಂಬಾ ನೋಡಿದ್ದೇನೆ, ಹುಡುಗರು ಅದನ್ನು 'ನನ್ನನ್ನು ಬಿಟ್ಟುಬಿಟ್ಟರು' ಅಂತಲೇ ತಿಳಿದುಕೊಳ್ಳುತ್ತಾರೆ.

ಒಳಗಿಟ್ಟ ಮಕ್ಕಳ ಕೇಸಿನ ವಿಚಾರಣೆ 15 ಕೋರ್ಟ್ ದಿನದೊಳಗೆ ಶುರುವಾಗಬೇಕು, ನಿಮಗೆ ಉಳಿದಿರುವುದು ಕೆಲವೇ ದಿನ. ಹಾಗಾಗಿ ಈ ವಾರವೇ ವಕೀಲರಿಗೆ ಫೋನ್ ಮಾಡಿ ಇಷ್ಟನ್ನು ಕೇಳಿ: ಆರೋಪವನ್ನು 707(ಬಿ) ಪಟ್ಟಿಯಿಂದ ಕೆಳಗಿಳಿಸುವ ಮಾತುಕತೆ ನಡೆಯುತ್ತಿದೆಯಾ, ಒಪ್ಪಂದಕ್ಕೆ ಮೊದಲು ಇಮಿಗ್ರೇಷನ್ ವಕೀಲರ ಅಭಿಪ್ರಾಯ ತಗೊಂಡಿರಾ, ಕಾಲಿನ ಪಟ್ಟಿಯ ಮೇಲೆ ಮನೆಗೆ ಕಳಿಸಲು ಮತ್ತೆ ಕೇಳುತ್ತೀರಾ, ನಾವು ಬರೆದ ಮನೆಯ ಯೋಜನೆಯನ್ನು ಯಾರಿಗೆ, ಯಾವತ್ತಿನೊಳಗೆ ಕೊಡಬೇಕು. ಉತ್ತರ ಬರದಿದ್ದರೆ ಮಾರನೇ ದಿನ ಮತ್ತೆ ಫೋನ್ ಮಾಡಿ.